ಲೋವರಿಂಗ್ ಸ್ಪ್ರಿಂಗ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಸ್ವಿಫ್ಟ್, ಪೋಲೋ, ಐ20 ತರದ ಚಿಕ್ಕ ಕಾರಿಗೆ ಲೋವರಿಂಗ್ ಸ್ಪ್ರಿಂಗ್, ಅಂದರೆ ಕಾರನ್ನು ನೆಲಕ್ಕೆ ಹತ್ತಿರ ಇಳಿಸುವ ಮೋಟು ಸ್ಪ್ರಿಂಗ್, ಹಾಕಿಸಬೇಕು ಅಂದುಕೊಂಡಿದ್ದೀರಾ? ಅಂಗಡಿಗೆ ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ನನ್ನ 2018ರ ಸ್ವಿಫ್ಟ್‌ಗೆ ಹಾಕಿಸಿದ ಮೇಲೆ ಏನೇನಾಯಿತು, ಯಾಕಾಯಿತು ಅನ್ನೋದನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಬರೆದರೆ ಜನ ಅದೊಂದನ್ನು ಬಿಟ್ಟು ಪಕ್ಕದ ಅಂಗಡಿಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಈ ಕೆಲಸ ಬಹಳ ಕಡೆ ಹೀಗೇ ನಡೆಯುತ್ತದೆ.

ಅಂಗಡಿಯವರು ಹೇಳಿದ್ದು ಇಷ್ಟು. "ಶಾಕ್ ಅಬ್ಸಾರ್ಬರ್ ಕಂಪನಿಯದ್ದೇ ಇರಲಿ ಸರ್, ಸ್ಪ್ರಿಂಗ್ ಮಾತ್ರ ಚೇಂಜ್ ಮಾಡಿದ್ರೆ ಸಾಕು. ಒಂದೂವರೆ ಇಂಚು ಇಳಿಯುತ್ತೆ. ಕಂಫರ್ಟ್ ಏನೂ ಕಮ್ಮಿ ಆಗಲ್ಲ." ಸಂಜೆ ಕಾರು ಕೈಗೆ ಬಂದಾಗ ನೋಡೋಕೆ ನಿಜವಾಗಲೂ ಚೆನ್ನಾಗಿತ್ತು. ಟೈರಿನ ಮೇಲಿನ ಖಾಲಿ ಜಾಗ ಹೋಗಿ, ಕಾರು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತಿತ್ತು. ಈ ಅಂದದ ಆಸೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಒಂದೂವರೆ ಇಂಚು ಎಲ್ಲಿಂದ ಬಂತು ಅನ್ನೋದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಅದು ಶಾಕ್ ಅಬ್ಸಾರ್ಬರ್‌ನಿಂದ ಬಂತು. ಸ್ಪ್ರಿಂಗ್‌ನ ಕುಣಿತ ತಡೆಯುವ, ಎಣ್ಣೆ ತುಂಬಿದ ಕೊಳವೆ ಅದು. ಶಾಕ್ ಒಳಗಿನ ರಾಡು ಮೇಲೆ ಕೆಳಗೆ ಓಡಾಡೋಕೆ ಇಷ್ಟೇ ಜಾಗ ಅಂತ ಇರುತ್ತದೆ. ಗುಂಡಿ ಬಂದಾಗ, ಹಂಪ್ ಬಂದಾಗ ಚಕ್ರ ಮೇಲೆದ್ದು ಆ ಜಾಗವನ್ನು ಬಳಸಿಕೊಳ್ಳುತ್ತದೆ. ಚಿಕ್ಕ ಕಾರುಗಳಲ್ಲಿ, ಕಾರು ಖಾಲಿ ನಿಂತಾಗಲೂ, ಹೀಗೆ ಮೇಲೇಳಲು ಉಳಿದಿರುವುದು ಕೆಲವೇ ಇಂಚು. ಐದು ಜನ ಕೂತು ಡಿಕ್ಕಿಯಲ್ಲಿ ಲಗೇಜ್ ಇಟ್ಟರೆ ಅದರಲ್ಲೂ ಒಂದು ಪಾಲು ಹೋಗುತ್ತದೆ. ಈಗ ಮೋಟು ಸ್ಪ್ರಿಂಗ್ ಹಾಕಿ ಕಾರನ್ನು 40 ಮಿ.ಮೀ. ಇಳಿಸಿದರೆ, ಕಾರು ನಿಂತಲ್ಲೇ ರಾಡು 40 ಮಿ.ಮೀ. ಒಳಗೆ ಹೋಗಿ ಕೂತಿರುತ್ತದೆ. ಗುಂಡಿಗೆ ಅಂತ ಇಟ್ಟಿದ್ದ ಜಾಗವನ್ನು ಅಂದಕ್ಕೆ ಖರ್ಚು ಮಾಡಿದ ಹಾಗಾಯಿತು.

"ಅದಕ್ಕೇ ಸ್ಪ್ರಿಂಗ್ ಸ್ವಲ್ಪ ಹಾರ್ಡ್ ಮಾಡಿರ್ತಾರೆ ಸರ್" ಅನ್ನುತ್ತಾರೆ. ಇದನ್ನು ಲೆಕ್ಕ ಹಾಕಿ ನೋಡಿ. ಚಕ್ರ ಮೇಲೇಳಲು ಇರುವ ಜಾಗ ಅರ್ಧ ಆದರೆ, ಅದೇ ಗುಂಡಿಯ ಹೊಡೆತವನ್ನು ನುಂಗೋಕೆ ಸ್ಪ್ರಿಂಗ್ ಎರಡು ಪಟ್ಟು ಅಲ್ಲ, ನಾಲ್ಕು ಪಟ್ಟು ಗಟ್ಟಿ ಇರಬೇಕು. ಸ್ಪ್ರಿಂಗ್ ನುಂಗುವ ಶಕ್ತಿ ಅದು ಕುಗ್ಗುವ ದೂರದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಅದಕ್ಕೆ. ರಸ್ತೆ ಮೇಲೆ ಓಡಿಸುವ ಕಾರಿಗೆ ನಾಲ್ಕು ಪಟ್ಟು ಗಟ್ಟಿ ಸ್ಪ್ರಿಂಗ್ ಯಾರೂ ಮಾಡಿ ಮಾರುವುದಿಲ್ಲ. ಮಾರಿದರೂ ಅಂಥ ಕಾರಿನಲ್ಲಿ ಕೂರೋಕಾಗಲ್ಲ. ಹಾಗಾಗಿ ಉಳಿದ ಹೊಡೆತವೆಲ್ಲ ಬಂಪ್ ಸ್ಟಾಪ್‌ಗೆ ಬೀಳುತ್ತದೆ. ಶಾಕ್ ರಾಡಿನ ಮೇಲೆ ಇರುವ ರಬ್ಬರ್ ತುಂಡು ಅದು. ಅಪರೂಪಕ್ಕೊಮ್ಮೆ ಬೀಳುವ ದೊಡ್ಡ ಹೊಡೆತಕ್ಕೆ ಅಂತ ಇಟ್ಟಿರುವುದು. ನನ್ನ ಕಾರಿನಲ್ಲಿ ಅದು ದಿನಾ ಆಫೀಸಿಗೆ ಹೋಗಿ ಬರುವ ದಾರಿಯಲ್ಲೇ ಏಟು ತಿನ್ನುತ್ತಿತ್ತು.

ಅದರ ಅಪಾಯ ಗೊತ್ತಾಗಿದ್ದು ಊರಿಗೆ ಹೋಗುವಾಗ. ತುಮಕೂರು ದಾಟಿ ಅರಸೀಕೆರೆ ಕಡೆ ಹೋಗುತ್ತಿದ್ದೆವು. ಅಪ್ಪ, ಅಮ್ಮ, ಹೆಂಡತಿ, ಮಗು ಎಲ್ಲರೂ ಇದ್ದರು, ಡಿಕ್ಕಿ ತುಂಬಿತ್ತು. ಒಂದು ಸಣ್ಣ ಸೇತುವೆ ಮೇಲೆ ರಸ್ತೆ ಸ್ವಲ್ಪ ಎಡಕ್ಕೆ ತಿರುಗುತ್ತದೆ. ಅಲ್ಲಿನ ಜಾಯಿಂಟ್ ದಾಟುವಾಗ ಹಿಂದಿನ ಎಡಚಕ್ರ ದಢ್ ಅಂತ ಹೊಡೆದು, ಇಡೀ ಹಿಂಭಾಗ ಪಕ್ಕಕ್ಕೆ ಜಿಗಿಯಿತು. ವೇಗ ಏನೂ ಜಾಸ್ತಿ ಇರಲಿಲ್ಲ. ಎದುರುಗಡೆ ಯಾವ ವಾಹನವೂ ಇರಲಿಲ್ಲ, ಅದು ನಮ್ಮ ಪುಣ್ಯ. ಹಿಂದೆ ಕೂತಿದ್ದ ಅಮ್ಮ "ಏನಾಯ್ತೋ, ಟೈರ್ ಒಡೀತಾ?" ಅಂತ ಗಾಬರಿಯಿಂದ ಕೇಳಿದರು. ಟೈರ್ ಒಡೆದಿರಲಿಲ್ಲ. ತಿರುವಿನಲ್ಲಿ ಒಂದು ಚಕ್ರದ ಶಾಕ್ ಪೂರ್ತಿ ಕುಗ್ಗಿ ಬಂಪ್ ಸ್ಟಾಪ್‌ಗೆ ಬಡಿದರೆ, ಆ ಕ್ಷಣ ಆ ಚಕ್ರಕ್ಕೆ ಸಸ್ಪೆನ್ಷನ್ನೇ ಇಲ್ಲದ ಹಾಗೆ. ಟೈರು ರಸ್ತೆ ಬಿಟ್ಟು ಏಳುತ್ತದೆ. ಇದು ಕಂಫರ್ಟ್ ವಿಷಯ ಅಲ್ಲವೇ ಅಲ್ಲ. ಮನೆಯವರನ್ನೆಲ್ಲ ಕೂರಿಸಿಕೊಂಡು, ಅಂದರೆ ಕಾರಿನ ಮೇಲೆ ಭಾರ ಜಾಸ್ತಿ ಇರುವಾಗಲೇ, ಅದು ಕೈ ಕೊಡುತ್ತದೆ. ಒಬ್ಬರೇ ಟೆಸ್ಟ್ ಡ್ರೈವ್ ಮಾಡಿದರೆ ಗೊತ್ತಾಗುವುದೇ ಇಲ್ಲ.

ಇನ್ನು ಹಂಪ್‌ಗಳ ವಿಷಯ. ಈ ಸ್ವಿಫ್ಟ್‌ಗೆ ಕಂಪನಿ ಕೊಟ್ಟಿರುವ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಕಾರಿನ ಹೊಟ್ಟೆಗೆ ಇರುವ ಅಂತರ) 163 ಮಿ.ಮೀ. ಅದರಲ್ಲಿ 40 ಕಳೆದರೆ 123. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದಂತೆ ಕಟ್ಟಿದ ಹಂಪ್ 10 ಸೆಂ.ಮೀ. ಎತ್ತರ, ಕಾರು ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರುತ್ತದೆ. ಸ್ವಿಫ್ಟ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2.45 ಮೀಟರ್ ಅಂತರ. ಅಂದರೆ ನಿಯಮದ ಹಂಪ್ ಮೇಲೆ ಕಾರಿನ ನಾಲ್ಕೂ ಚಕ್ರ ಹತ್ತಿ ನಿಲ್ಲುತ್ತವೆ, ಹೊಟ್ಟೆಯ ಕೆಳಗೆ ಐದು ಸೆಂ.ಮೀ. ಜಾಗ ಇದ್ದರೂ ದಾಟಬಹುದು. ಅಂಥ ಹಂಪ್ ನಮ್ಮ ಬಡಾವಣೆಗಳಲ್ಲಿ ಎಷ್ಟಿವೆ ಹೇಳಿ? ಮನೆಯವರೇ ಸಿಮೆಂಟ್ ಸುರಿದು ಕಟ್ಟಿದ್ದು, ಡಾಂಬರು ಮಿಕ್ಕಿತು ಅಂತ ಹಾಕಿದ್ದು, ಇವೇ ಜಾಸ್ತಿ. ಅವು ಅಗಲ ಕಮ್ಮಿ, ಎತ್ತರ ಜಾಸ್ತಿ. ಪೂರ್ತಿ ಹಂಪ್ ಎರಡು ಚಕ್ರಗಳ ನಡುವೆ ಕೂರುತ್ತದೆ. ಅದರ ಎತ್ತರದಷ್ಟು ಜಾಗ ಹೊಟ್ಟೆಯ ಕೆಳಗೆ ಇರಲೇಬೇಕು, ಮುಂದಿನ ಚಕ್ರ ಇಳಿಯುವಾಗ ಕಾರು ಬಗ್ಗುತ್ತದಲ್ಲ, ಅದಕ್ಕೂ ಸೇರಿಸಿ. ನಮ್ಮ ಮನೆ ರಸ್ತೆಯ ಹಂಪ್ ಮೇಲೆ ಕಾರಿನ ಹೊಟ್ಟೆ ಉಜ್ಜುವುದು ಮಾಮೂಲಾಯಿತು. ಅಪ್ಪ ಹಂಪ್ ಬಂದಾಗಲೆಲ್ಲ ಇಳಿದು ನಡೆದು ಬರೋಕೆ ಶುರು ಮಾಡಿದರು. ಅವರ ವಯಸ್ಸಿಗೆ ಅದನ್ನು ನೋಡಿ ತುಂಬಾ ಬೇಜಾರಾಯಿತು.

ಕೆಲಸ ಮಾಡಿದ ರೀತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಳ್ಳೆ ಸ್ಪ್ರಿಂಗ್ ತಂದರೂ ಹಾಳಾಗುವುದು ಇಲ್ಲೇ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ, ಸಸ್ಪೆನ್ಷನ್ ಕೆಲಸ ಚೆನ್ನಾಗಿ ಬಲ್ಲ ಒಬ್ಬ ಹಿರಿಯ ಮೆಕ್ಯಾನಿಕ್ ಕಾರನ್ನು ಲಿಫ್ಟ್ ಮೇಲೆ ಏರಿಸಿ ಒಂದೊಂದಾಗಿ ತೋರಿಸಿದಾಗ.

ಹಿಂದಿನ ಶಾಕ್‌ಗಳ ಕೆಳಗಿನ ಬೋಲ್ಟ್ ಬಿಚ್ಚದೆ ಸ್ಪ್ರಿಂಗ್ ತೆಗೆಯೋಕಾಗಲ್ಲ. ಆ ಬೋಲ್ಟ್ ಒಂದು ರಬ್ಬರ್ ಬುಷ್ (ಬಳೆಯಂಥ ರಬ್ಬರ್ ತುಂಡು) ಒಳಗೆ ಹೋಗುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದಾಗ ಮಾತ್ರ ಅದನ್ನು ಪೂರ್ತಿ ಬಿಗಿ ಮಾಡಬೇಕು. ಅಂಗಡಿಯ ಹುಡುಗರು ಕಾರು ಗಾಳಿಯಲ್ಲಿ ನೇತಾಡುವಾಗಲೇ ಇಂಪ್ಯಾಕ್ಟ್ ಗನ್ ಹಿಡಿದು ಬಿಗಿ ಮಾಡಿದ್ದರು. ಹಾಗೆ ಮಾಡಿದರೆ ಕಾರು ಕೆಳಗಿಳಿದ ತಕ್ಷಣ ಬುಷ್‌ನ ರಬ್ಬರ್ ತಿರುಚಿಕೊಂಡು, ಯಾವಾಗಲೂ ಆ ತಿರುಚಿನಲ್ಲೇ ಇರುತ್ತದೆ. ನನ್ನ ಕಾರಿನ ಎರಡೂ ಬುಷ್ ಹರಿದಿದ್ದವು.

ಹಂಪ್ ಇಳಿಯುವಾಗ ಹಿಂದೆ ಟಕ್ ಅಂತ ಸದ್ದು ಬರುತ್ತಿತ್ತು. ಅಂಗಡಿಯಲ್ಲಿ "ಹೊಸದಲ್ವಾ ಸರ್, ಸೆಟ್ ಆಗುತ್ತೆ" ಅಂದಿದ್ದರು. ನಿಜವಾದ ಕಾರಣ ಬೇರೆ ಇತ್ತು. ಸ್ಪ್ರಿಂಗ್ ಎಷ್ಟು ಮೋಟಾಗಿತ್ತು ಅಂದರೆ, ಚಕ್ರ ಪೂರ್ತಿ ಕೆಳಗೆ ಜೋತಾಗ ಅದು ತನ್ನ ಸೀಟಿನಲ್ಲಿ, ಅಂದರೆ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ, ಸಡಿಲವಾಗುತ್ತಿತ್ತು. ಕೈಯಲ್ಲಿ ತಿರುಗಿಸಿದರೆ ತಿರುಗುತ್ತಿತ್ತು. ಒಳ್ಳೆಯ ಲೋವರಿಂಗ್ ಸ್ಪ್ರಿಂಗ್ ಚಕ್ರ ಪೂರ್ತಿ ಜೋತಾಗಲೂ ಸೀಟಿನಲ್ಲಿ ಬಿಗಿಯಾಗಿಯೇ ಇರಬೇಕು. ಸಡಿಲವಾದ ಸ್ಪ್ರಿಂಗ್ ಜಾಗ ತಪ್ಪಿ ಕೂತರೆ ಆಮೇಲಿನ ಗತಿ ಏನು ಅಂತ ಯೋಚಿಸೋಕೂ ಭಯವಾಗುತ್ತದೆ.

ಮುಂದುಗಡೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಸೇರಿದ ಜೋಡಣೆ) ಮತ್ತು ನಕಲ್ (ಚಕ್ರವನ್ನು ಹಿಡಿದಿರುವ ಲೋಹದ ತುಂಡು) ಎರಡನ್ನೂ ಎರಡು ಬೋಲ್ಟ್ ಹಿಡಿದಿರುತ್ತವೆ. ಆ ತೂತಿನಲ್ಲಿ ಸ್ವಲ್ಪ ಸಡಿಲ ಇರುತ್ತದೆ. ಬಿಚ್ಚಿ ಹಾಕಿದಾಗಲೆಲ್ಲ ಕ್ಯಾಂಬರ್, ಅಂದರೆ ಚಕ್ರದ ವಾಲು, ಒಂಚೂರು ಬದಲಾಗುತ್ತದೆ. ಅದರ ಮೇಲೆ ಕಾರು ಕೆಳಗಿಳಿದಿರುವುದರಿಂದ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಟೋ, ಅಂದರೆ ಚಕ್ರ ಮುಂದಕ್ಕೆ ನೇರವಾಗಿ ನಿಲ್ಲುವುದು, ಕೂಡ ಕೆಡುತ್ತದೆ. ಇವನ್ನು ಸರಿ ಮಾಡುವ ಅಲೈನ್‌ಮೆಂಟ್ ಮಾಡಿಸದೆ ಕಾರನ್ನು ಅಂಗಡಿಯಿಂದ ಹೊರಗೇ ಬಿಡಬಾರದು. ನನಗೆ ಕಾರು ಕೊಟ್ಟವರು ಆ ಮಾತೇ ಎತ್ತಲಿಲ್ಲ. ಮುಂದಿನ ಎರಡೂ ಟೈರುಗಳ ಒಳ ಅಂಚು ತಂತಿ ಕಾಣುವಷ್ಟು ಸವೆದಿತ್ತು. ಹೊರಗಿನಿಂದ ನೋಡಿದರೆ ಟೈರು ಹೊಸದರ ಹಾಗೆ ಇತ್ತು. ಪಂಕ್ಚರ್ ಹಾಕಿಸೋಕೆ ಹೋದಾಗ ಆ ಅಂಗಡಿಯ ಹುಡುಗ ಚಕ್ರ ಬಿಚ್ಚಿ, "ಅಣ್ಣಾ, ಇದರಲ್ಲಿ ಹೈವೇಗೆ ಹೋಗಬೇಡಿ" ಅಂದ. ಅವನು ಅದನ್ನು ಹೇಳದೇ ಇದ್ದಿದ್ದರೆ ಆ ವಾರವೇ ಊರಿಗೆ ಹೊರಟಿರುತ್ತಿದ್ದೆವು.

ಬಲಗಡೆ ಮುಂದಿನ ಶಾಕ್ ಆಯಿಲ್ ಸೋರುತ್ತಿತ್ತು. ಬಂಪ್ ಸ್ಟಾಪ್ ಪುಡಿಯಾಗಿತ್ತು. ಕಂಪನಿಯ ಶಾಕ್ ಅನ್ನು ಕಂಪನಿಯ ಸ್ಪ್ರಿಂಗ್‌ಗೆ ಹೊಂದುವ ಹಾಗೆ ಮಾಡಿರುತ್ತಾರೆ. ಗಟ್ಟಿ ಸ್ಪ್ರಿಂಗ್ ಕುಗ್ಗಿ ಮತ್ತೆ ಚಿಮ್ಮುವಾಗ ಅದನ್ನು ಹಿಡಿದಿಡುವ ತಾಕತ್ತು ಆ ಶಾಕ್‌ಗೆ ಇರುವುದಿಲ್ಲ. ಒಂದು ಹಂಪ್ ದಾಟಿದ ಮೇಲೂ ಕಾರು ಕುಣಿಯುತ್ತಲೇ ಇರುತ್ತದೆ. ಅದು ನಿಮ್ಮ ಕಾರಿನಲ್ಲಿ ಆಗುತ್ತಿದ್ದರೆ ಶಾಕ್ ದುಡಿದು ದುಡಿದು ಸಾಯುತ್ತಿದೆ ಅಂತಲೇ ಅರ್ಥ.

ಇದನ್ನೆಲ್ಲ ಹಿಡಿದುಕೊಂಡು ಅಂಗಡಿಗೆ ಹೋದೆ. "ನಮ್ಮ ರೋಡೇ ಸರಿ ಇಲ್ಲ ಸರ್, ನಾವೇನ್ ಮಾಡೋಕಾಗುತ್ತೆ" ಅಂದರು. ಹಾಗಾದರೆ ಈ ರೋಡಿನ ಊರಿನಲ್ಲಿ ಇದನ್ನು ಮಾರುವುದು ಯಾಕೆ ಅಂತ ಕೇಳಿದೆ, ಉತ್ತರ ಬರಲಿಲ್ಲ. ಕಂಪನಿಯ ಹಳೆ ಸ್ಪ್ರಿಂಗ್ ವಾಪಸ್ ಕೊಡಿ ಅಂದರೆ, ಗುಜರಿಗೆ ಹಾಕಿಬಿಟ್ಟೆವು ಅಂದರು. ನನ್ನನ್ನು ಒಂದು ಮಾತೂ ಕೇಳದೆ! ಚೆನ್ನಾಗಿದ್ದ ನಾಲ್ಕು ಸ್ಪ್ರಿಂಗ್ ಅವು. ಬಿಲ್ಲಿನಲ್ಲಿ "ಸ್ಪ್ರಿಂಗ್ ಸೆಟ್" ಅಂತ ಬಿಟ್ಟರೆ ಬೇರೇನೂ ಇರಲಿಲ್ಲ. ಪಾರ್ಟ್ ನಂಬರ್ ಇಲ್ಲ, ಯಾವ ಮಾಡೆಲ್‌ಗೆ ಅಂತ ಇಲ್ಲ. ಸರ್ವಿಸ್ ಸೆಂಟರ್‌ನವರು ಹೊರಗಿನ ಸ್ಪ್ರಿಂಗ್ ನೋಡಿ ಶಾಕ್‌ಗೆ ವಾರಂಟಿ ಕೊಡೋಕಾಗಲ್ಲ ಅಂದರು. ಅದು ಅವರ ತಪ್ಪಲ್ಲ ಬಿಡಿ. ಕೊನೆಗೆ ನಾಲ್ಕು ಸ್ಪ್ರಿಂಗ್, ಮುಂದಿನ ಎರಡು ಸ್ಟ್ರಟ್, ಅವುಗಳ ಮೌಂಟ್, ಹಿಂದಿನ ಶಾಕ್, ಎರಡು ಟೈರು, ಎಲ್ಲ ಹೊಸದು ಹಾಕಿಸಬೇಕಾಯಿತು. ಇಳಿಸೋಕೆ ಕೊಟ್ಟಿದ್ದಕ್ಕಿಂತ ಮತ್ತೆ ಎತ್ತರಿಸೋಕೆ ಆದ ಖರ್ಚು ಎಷ್ಟೋ ಜಾಸ್ತಿ.

ಜರ್ಮನಿಯ ಐಬಾಕ್, ಎಚ್ ಆ್ಯಂಡ್ ಆರ್ ಕಂಪನಿಗಳ ಸ್ಪ್ರಿಂಗ್ ಅಲ್ಲಿ ಮಾರುವಾಗ ಜೊತೆಗೆ ಒಂದು ಪರೀಕ್ಷಾ ಪತ್ರ ಬರುತ್ತದೆ. ಯಾವ ಕಾರು, ಯಾವ ಆಕ್ಸಲ್ (ಮುಂದಿನ ಅಥವಾ ಹಿಂದಿನ ಜೋಡಿ ಚಕ್ರದ ಅಚ್ಚು) ಮೇಲೆ ಎಷ್ಟು ಭಾರದವರೆಗೆ, ಎಲ್ಲ ಅದರಲ್ಲಿ ಇರುತ್ತದೆ. ಸಾಮಾನ್ಯವಾಗಿ ಹಾಕಿಸಿದ ಮೇಲೆ ಅಧಿಕೃತ ಪರೀಕ್ಷಕರಿಗೆ ಕಾರು ತೋರಿಸಿ ದಾಖಲೆಗೆ ಸೇರಿಸಬೇಕು. ನಮ್ಮಲ್ಲಿ ಡಬ್ಬದ ಮೇಲಿನ ಹೆಸರು ನೋಡಿ ನಂಬುತ್ತೇವೆ. ಆ ಹೆಸರನ್ನು ಅಂಟಿಸಿದ ನಕಲಿ ಮಾಲೂ ಇರಬಹುದು. ಹಾಗಾಗಿ ಸ್ಪ್ರಿಂಗ್ ಮೇಲೆ ಅಚ್ಚಾದ ಪಾರ್ಟ್ ನಂಬರ್ ನಿಮ್ಮ ಕಾರಿನ ಮಾಡೆಲ್‌ಗೆ, ಎಂಜಿನ್‌ಗೆ ಹೊಂದುತ್ತದಾ ಅಂತ ಕಂಪನಿಯ ಪಟ್ಟಿಯಲ್ಲೇ ನೋಡಿ. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಪೆಟ್ರೋಲ್ ಕಾರಿನ ಮುಂದಿನ ಸ್ಪ್ರಿಂಗ್ ಅದಕ್ಕೆ ಆಗುವುದಿಲ್ಲ.

ಸ್ಪ್ರಿಂಗ್ ದುಬಾರಿ ಅನಿಸಿದರೆ "ಒಂದು ಸುತ್ತು ಕಟ್ ಮಾಡಿಕೊಡ್ತೀವಿ" ಅನ್ನುವವರೂ ಇದ್ದಾರೆ. ದಯವಿಟ್ಟು ಒಪ್ಪಬೇಡಿ. ಗ್ಯಾಸ್‌ನಲ್ಲಿ ಕಟ್ ಮಾಡಿದರೆ ಆ ಬಿಸಿಗೆ ಉಕ್ಕಿನ ಹದವೇ ಹೋಗುತ್ತದೆ. ಕಟ್ ಆದ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಒಂದು ದಿನ ಓಡುತ್ತಿರುವಾಗಲೇ ಮುರಿಯಬಹುದು. ಮನೆಯಲ್ಲೇ ಬಿಚ್ಚುತ್ತೇನೆ ಅನ್ನುವ ಹುಡುಗರಿಗೂ ಒಂದು ಮಾತು. ಮುಂದಿನ ಒಂದೊಂದು ಸ್ಪ್ರಿಂಗ್ 200 ಕೆಜಿಗೂ ಜಾಸ್ತಿ ಭಾರ ಹೊರುತ್ತದೆ. ಕಾರಿನಿಂದ ಹೊರಗೆ ತೆಗೆದ ಮೇಲೂ ಸ್ಟ್ರಟ್ ಒಳಗೆ ಅದು ಒತ್ತಿಕೊಂಡೇ ಇರುತ್ತದೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಸರಿಯಾಗಿ ಹಾಕದೆ ಮೇಲಿನ ನಟ್ ಬಿಚ್ಚಿದರೆ ಚಿಮ್ಮಿ ಮುಖಕ್ಕೇ ಬಡಿಯಬಹುದು.

ಕಾನೂನಿನ ವಿಷಯಕ್ಕೆ ಬಂದರೆ, "ಆರ್‌ಸಿಯಲ್ಲಿ ಎತ್ತರದ ಕಾಲಂ ಇಲ್ಲ, ಏನೂ ಆಗಲ್ಲ" ಅನ್ನುತ್ತಾರೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಅನ್ನು ಬದಲಾಯಿಸಿ ಬರೆದಿದ್ದಾರೆ. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ವಿಧಿಸಬಹುದು. ವಿಮೆ ಕಂಪನಿಗೆ ತಿಳಿಸದೆ ಹಾಕಿಸಿದ್ದರೆ ಕ್ಲೇಮ್ ಹೊತ್ತಿಗೆ ಅದೂ ತಕರಾರಾಗಬಹುದು.

ಇಷ್ಟಾದರೂ ಇಳಿಸಲೇಬೇಕು ಅನ್ನುವವರು ಸ್ಪ್ರಿಂಗ್ ಮತ್ತು ಶಾಕ್ ಎರಡೂ ಜೋಡಿಯಾಗಿ, ಒಂದೇ ಕಂಪನಿಯವರು ಈ ಕಾರಿಗೇ ಅಂತ ಮಾಡಿದ ಸೆಟ್ ತಗೊಳ್ಳಿ. ಇಳಿಸುವುದು ಕಮ್ಮಿ ಇದ್ದಷ್ಟೂ ಒಳ್ಳೆಯದು. ಬುಷ್ ಬೋಲ್ಟ್ ಯಾವಾಗ ಬಿಗಿ ಮಾಡುತ್ತೀರಿ ಅಂತ ಮೆಕ್ಯಾನಿಕ್‌ರನ್ನು ಮೊದಲೇ ಕೇಳಿ. "ಕಾರು ಕೆಳಗಿಳಿಸಿದ ಮೇಲೆ" ಅನ್ನುವ ಉತ್ತರ ಬರದಿದ್ದರೆ ಅಲ್ಲಿಂದ ಎದ್ದು ಬನ್ನಿ. ಹಳೆ ಸ್ಪ್ರಿಂಗ್‌ಗಳನ್ನು ಅವತ್ತೇ ಮನೆಗೆ ತನ್ನಿ.

ಈಗಾಗಲೇ ಹಾಕಿಸಿಬಿಟ್ಟಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಕಾರನ್ನು ಸಮ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಸ್ಟೇರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ. ಟಾರ್ಚ್ ಬಿಟ್ಟು ಮುಂದಿನ ಟೈರುಗಳ ಒಳ ಅಂಚು ನೋಡಿ. ಕೈಯಿಂದ ಸವರಬೇಡಿ, ತಂತಿ ಎದ್ದಿದ್ದರೆ ಕೊಯ್ಯುತ್ತದೆ. ಆಮೇಲೆ ಶಾಕ್‌ನ ಮೈ ನೋಡಿ. ಅದು ಎಣ್ಣೆಯಿಂದ ಒದ್ದೆಯಾಗಿ ಧೂಳು ಮೆತ್ತಿಕೊಂಡಿದ್ದರೆ, ಅದನ್ನು ಬದಲಾಯಿಸುವ ತನಕ ಆ ಕಾರಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಹೈವೇಗೆ ಹೋಗಬೇಡಿ.