ಅವತಾರದ ಕುಪ್ಪಸಕ್ಕೆ ಲಂಗದ ಬಣ್ಣ ಕೂಡಿಸಿದ ಮೂರು ಸಂಜೆ: ಸೆಕೆಂಡ್ ಲೈಫ್‌ನ ಹತ್ತು ವರ್ಷದ ಬಳಕೆ

ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಲೋಕಕ್ಕೆ ಬಂದು ಹತ್ತು ವರ್ಷ ದಾಟಿತು. ಅಲ್ಲಿ ಜಾಗ ಕೊಳ್ಳಲಿಲ್ಲ, ಮನೆ ಕಟ್ಟಲಿಲ್ಲ. ನನ್ನ ಹೊತ್ತೆಲ್ಲ ಅವತಾರಕ್ಕೆ, ಅಂದರೆ ಅಲ್ಲಿ ನಾನಾಗಿ ಓಡಾಡುವ ಗೊಂಬೆಗೆ, ಬಟ್ಟೆ ಉಡಿಸುವುದರಲ್ಲೇ ಹೋಗಿದೆ. ಆದ್ದರಿಂದ ನಾನು ಹೇಳುವುದೂ ಬಟ್ಟೆಯ ಬಗ್ಗೆ, ಅದರಲ್ಲೂ ಬಣ್ಣದ ಬಗ್ಗೆ.

ಕಳೆದ ತಿಂಗಳು ಒಂದು ಅಂಗಡಿಯಲ್ಲಿ ಕುಪ್ಪಸ, ಇನ್ನೊಂದರಲ್ಲಿ ಲಂಗ ಕೊಂಡೆ. ಎರಡರ ಹೆಸರಿನಲ್ಲೂ ‘ಮರೂನ್’ ಎಂದಿತ್ತು. ತೊಡಿಸಿ ನೋಡಿದರೆ ಲಂಗ ದ್ರಾಕ್ಷಾರಸದ ಕೆಂಪು, ಕುಪ್ಪಸ ಇಟ್ಟಿಗೆಯ ಕೆಂಪು. ಸೊಂಟದಲ್ಲಿ ಎರಡೂ ಕೂಡುವ ಕಡೆ ಗೆರೆ ಎಳೆದಂತೆ ಎದ್ದು ಕಾಣುತ್ತಿತ್ತು. ಲಂಗಕ್ಕೆ ಮಾಡಿಫೈ ಅನುಮತಿ ಇರಲಿಲ್ಲ, ಅಂದರೆ ಅದರ ಬಣ್ಣವನ್ನು ನಾನು ಮುಟ್ಟುವಂತಿಲ್ಲ. ಹಣ ಕೊಟ್ಟು ಕೊಂಡ ಲಂಗದ ಬಣ್ಣವನ್ನು ಒಂದು ಕೂದಲೆಳೆಯಷ್ಟೂ ಬದಲಿಸಲು ಬಿಡದ ಮಾರಾಟಗಾರರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಕುಪ್ಪಸಕ್ಕೆ ಅನುಮತಿ ಇದ್ದುದರಿಂದ ಅದನ್ನೇ ಲಂಗದ ದಾರಿಗೆ ತರಬೇಕಾಯಿತು.

ಇಂಥ ಕೆಲಸಕ್ಕೆ ನನ್ನದೊಂದು ಕ್ರಮವಿದೆ. ಮೊದಲು ವ್ಯೂವರ್‌ನಲ್ಲಿ (ಆ ಲೋಕವನ್ನು ನೋಡುವ ತಂತ್ರಾಂಶ) ನನ್ನ ಬೆಳಕನ್ನು ನಡು ಮಧ್ಯಾಹ್ನಕ್ಕೆ ನಿಲ್ಲಿಸುತ್ತೇನೆ. ಸಂಜೆಯ ಕಿತ್ತಳೆ ಬೆಳಕಿನಲ್ಲಿ ಬಣ್ಣ ನೋಡಿದರೆ ಮೋಸಹೋಗುತ್ತೇವೆ. ಸ್ಯಾಂಡ್‌ಬಾಕ್ಸ್‌ಗೆ (ವಸ್ತು ಕಟ್ಟಿ ನೋಡಲು ಬಿಟ್ಟಿರುವ ಜಾಗ) ಹೋಗಿ ಒಂದು ಸಾದಾ ಡಬ್ಬಿ ಮಾಡಿ, ಅದಕ್ಕೆ ಖಾಲಿ ಬಿಳಿ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಹಾಕಿ ಲಂಗದ ಪಕ್ಕದಲ್ಲಿ ಇಡುತ್ತೇನೆ. ಡಬ್ಬಿಯ ಬಣ್ಣವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ, ಕಣ್ಣಿಗೆ ಎರಡೂ ಒಂದೇ ಎನಿಸಿದಾಗ ಬಣ್ಣದ ಸಂಖ್ಯೆ (ಒಂದೊಂದೂ 0ಯಿಂದ 255ರ ವರೆಗೆ) ಬರೆದುಕೊಳ್ಳುತ್ತೇನೆ. ಈ ಸಲ ಸಿಕ್ಕಿದ್ದು ಕೆಂಪು 128, ಹಸಿರು 0, ನೀಲಿ 32.

ಅದೇ ಸಂಖ್ಯೆಯನ್ನು ಕುಪ್ಪಸಕ್ಕೆ ಕೊಟ್ಟೆ. ಒಣಗಿದ ರಕ್ತದ ಹಾಗೆ ಕಪ್ಪಿಟ್ಟಿತು. ಬಹಳ ಜನ ಕೈಬಿಡುವುದು ಇಲ್ಲೇ. ಟಿಂಟ್, ಅಂದರೆ ನಾವು ಸಂಖ್ಯೆಯಲ್ಲಿ ಕೊಡುವ ಈ ಬಣ್ಣ, ಬಟ್ಟೆಗೆ ಬಳಿದದ್ದಲ್ಲ. ಕೆಳಗಿನ ಟೆಕ್ಸ್ಚರ್‌ನ ಬಣ್ಣಕ್ಕೆ ಅದು ಗುಣಾಕಾರವಾಗುತ್ತದೆ. ಕುಪ್ಪಸದ ಟಿಂಟನ್ನು ಪೂರ್ತಿ ಬಿಳಿಗೆ ತಂದಾಗ ಅಡಿಯ ಬಟ್ಟೆ ಕಂಡಿತು: ಬೂದು, ಮೂರು ಸಂಖ್ಯೆಯೂ ಸುಮಾರು 178. 255ರಲ್ಲಿ 178 ಎಂದರೆ ಹತ್ತರಲ್ಲಿ ಏಳು ಪಾಲು, ಹಾಗಾಗಿ ನನ್ನ 128 ಅಲ್ಲಿ 89 ಆಗಿತ್ತು. ತಿರುವಿ ಲೆಕ್ಕ ಹಾಕಿ 183, 0, 46 ಕೊಟ್ಟೆ. ಸೊಂಟದ ಗೆರೆ ಮಾಯವಾಯಿತು! ಆ ಸಂತೋಷಕ್ಕೆ ಮೂರು ಸಂಜೆ ಹೆಚ್ಚೇನಲ್ಲ. ಇದೇ ಲೆಕ್ಕದಿಂದ ಇನ್ನೊಂದು ಮಾತೂ ತಿಳಿಯುತ್ತದೆ: ಬೂದು ಬಟ್ಟೆಯನ್ನು ಟಿಂಟ್‌ನಿಂದ ಎಂದೂ ಬಿಳಿ ಮಾಡಲಾಗದು, ಏಕೆಂದರೆ ಸಂಖ್ಯೆ 255ರ ಮೇಲೆ ಹೋಗುವುದಿಲ್ಲ.

ಸ್ವತಃ ಟೆಕ್ಸ್ಚರ್ ಬರೆಯುವವರಿಗೆ ಈ ಲೋಕ ಉದಾರಿ. ನನ್ನ ತಿಂಗಳ ಖರ್ಚು ಬಿಗಿ. 1024 ಪಿಕ್ಸೆಲ್ ಅಳತೆಯ ಚಿತ್ರವೊಂದನ್ನು ಅಪ್‌ಲೋಡ್ ಮಾಡಲು 10 ಲಿಂಡೆನ್ ಡಾಲರ್ (ಅಲ್ಲಿನ ಹಣ). ಆದರೆ ಲೋಕಲ್ ಟೆಕ್ಸ್ಚರ್ ಸೌಲಭ್ಯದಲ್ಲಿ ನನ್ನ ಕಂಪ್ಯೂಟರಿನ ಚಿತ್ರವನ್ನೇ ಅವತಾರದ ಮೇಲೆ ಪುಕ್ಕಟೆಯಾಗಿ ನೋಡಬಹುದು. ಬೇರೆಯವರಿಗೆ ಅದು ಕಾಣುವುದಿಲ್ಲ, ಅಷ್ಟೇ. ಚಿತ್ರ ತಿದ್ದಿ ಉಳಿಸಿದೊಡನೆ ಮೈಮೇಲಿನ ಬಟ್ಟೆಯೂ ಬದಲಾಗುವುದನ್ನು ನೋಡಲು ಇಂದಿಗೂ ನನಗೆ ಬೇಸರವಿಲ್ಲ. 2019ರಲ್ಲಿ ಬೇಕ್ಸ್ ಆನ್ ಮೆಶ್ ಎಂಬ ಸೌಲಭ್ಯ ಬಂದ ಮೇಲೆ, ಪದರವಾಗಿ ತೊಡುವ ಹಳೆಯ ಬಟ್ಟೆಗಳು ಮೆಶ್ ದೇಹದ (ಅವತಾರಕ್ಕೆ ತೊಡಿಸುವ ಹೊಸ ಬಗೆಯ ದೇಹ) ಮೇಲೂ ಕೂರುತ್ತವೆ. ವರ್ಷಗಟ್ಟಲೆ ಇನ್ವೆಂಟರಿಯಲ್ಲಿ ಮಲಗಿದ್ದ ನನ್ನ ಕಾಲುಚೀಲಗಳು ಆಗ ಮತ್ತೆ ಹೊರಬಂದವು.

ಹೊಸಬರು ಡೆಮೊ ತೊಟ್ಟು ನೋಡದೆ ಏನನ್ನೂ ಕೊಳ್ಳಬೇಡಿ. ಅನುಮತಿಯ ಸಾಲು ಓದಿ. ಮಾಡಿಫೈ ಇಲ್ಲದಿದ್ದರೆ ಜೋಡಿಯನ್ನು ಒಂದೇ ಅಂಗಡಿಯಲ್ಲಿ ಕೊಳ್ಳಿ.

ಇಷ್ಟಾದರೂ ನನ್ನ ಜೋಡಿಗೆ ಒಂದು ತೊಡಕು ಉಳಿಯಿತು. ಲಂಗ ಪಿಬಿಆರ್ ಎಂಬ ಹೊಸ ಬಗೆಯ ಬಟ್ಟೆ, ಕುಪ್ಪಸ ಹಳೆಯ ಬಗೆಯದು. ಬೆಳಕನ್ನು ಲೆಕ್ಕಹಾಕುವ ರೀತಿ ಎರಡಕ್ಕೂ ಬೇರೆ. ಮಧ್ಯಾಹ್ನದಲ್ಲಿ ಒಂದಾಗಿ ಕಂಡ ಜೋಡಿ, ದೀಪ ಹಚ್ಚಿದ ನೃತ್ಯಶಾಲೆಗೆ ಹೋದಾಗ ಮತ್ತೆ ಬೇರೆಯಾಯಿತು. ಈಗ ಅವೆರಡನ್ನೂ ಹಗಲಿನ ಬೆಳಕಿರುವ ಜಾಗಗಳಿಗೆ ಹೋಗುವಾಗ ಮಾತ್ರ ಒಟ್ಟಿಗೆ ತೊಡಿಸುತ್ತೇನೆ.