ಕೀಫ್ ಅಂತ ಆರು ವಾರ ಲೋಹದ ಪುಡಿ ಕೂಡಿಟ್ಟೆ, ಗ್ರೈಂಡರ್ ಕೊಳ್ಳುವ ಮುಂಚೆ ಇದನ್ನು ಓದಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ನಾನು ಸುಮ್ನಿದ್ದರೆ ನನ್ನ ಹಾಗೇ ಹೊಸಬರೊಬ್ಬರು ಇದೇ ಗುಂಡಿಗೆ ಬೀಳುತ್ತಾರೆ. ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಇರುವ ಜಾಗದಲ್ಲಿರುವ, ವಯಸ್ಸಿಗೆ ಬಂದವರಿಗಷ್ಟೇ ಈ ಮಾತು. ನಿಮ್ಮಲ್ಲಿ ಒಪ್ಪಿಗೆ ಇಲ್ಲದಿದ್ದರೆ ಮುಂದೆ ಓದುವುದೇ ಬೇಡ.

ನಾನು ಕೊಂಡಿದ್ದು ಗಾಂಜಾ ಹೂವನ್ನು ಪುಡಿ ಮಾಡುವ ನಾಲ್ಕು ತುಂಡಿನ ಗ್ರೈಂಡರ್. ಮೇಲೆ ಮುಚ್ಚಳ, ಅದರ ಕೆಳಗೆ ಹಲ್ಲು ಮತ್ತು ತೂತಿನ ತುಂಡು, ಆಮೇಲೆ ಜರಡಿ, ಎಲ್ಲಕ್ಕಿಂತ ಕೆಳಗೆ ಕೀಫ್, ಅಂದರೆ ಹೂವಿನಿಂದ ಉದುರುವ ಅಂಟಿನ ಪುಡಿ, ಬೀಳುವ ಬಟ್ಟಲು. ಪುಟದಲ್ಲಿ ಏನು ಬರೆದಿದ್ದರು ಗೊತ್ತಾ? ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ, 100 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೂತಿನ ಸ್ಟೀಲ್ ಜರಡಿ, ಆನೊಡೈಸ್ ಮಾಡಿದ ಕಪ್ಪು ಬಣ್ಣ, ಜೀವಮಾನದ ಗ್ಯಾರಂಟಿ. ಕೈಗೆ ಬಂದಾಗ ಭಾರವಾಗಿತ್ತು. ಭಾರ ಇದೆ ಅಂದರೆ ಗಟ್ಟಿ ಮಾಲು ಅಂದುಕೊಂಡೆ. ಆ ಭಾರವೇ ಮೊದಲ ಸುಳ್ಳು ಅಂತ ಆಗ ಹೊಳೆಯಲಿಲ್ಲ. ಅಲ್ಯೂಮಿನಿಯಂ ಹಗುರ ಅಲ್ವಾ? ಶಾಲೆಯಲ್ಲಿ ಓದಿದ್ದೆ. ಮರೆತಿದ್ದೆ.

ಡಬ್ಬಿಯೊಳಗೆ ಒಂದು ಚೀಟಿ ಇತ್ತು. 'ಜರಡಿಯ ಮೇಲೆ ಒಂದು ಸ್ವಚ್ಛವಾದ ನಾಣ್ಯ ಹಾಕಿ ಅಲ್ಲಾಡಿಸಿ, ಎರಡು ಪಟ್ಟು ಕೀಫ್ ಪಡೆಯಿರಿ.' ಈ ಚೀಟಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಆರು ವಾರ ಬಟ್ಟಲನ್ನು ಮುಟ್ಟಲೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಎರಡು ಸಲ ಚಿಟಿಕೆಯಷ್ಟು ತೆಗೆದು ಹೂವಿನ ಪುಡಿಯ ಮೇಲೆ ಉದುರಿಸಿದ್ದೆ. ಎರಡು ಸಲವೂ ಗಂಟಲು ಕೆರೆದು ಕೆರೆದು ಕೆಮ್ಮು ಬಂತು. ಕೀಫ್ ಅಂದರೆ ಸ್ಟ್ರಾಂಗ್, ಹಾಗೇ ಇರುತ್ತೆ ಅಂತ ಸಮಾಧಾನ ಮಾಡಿಕೊಂಡೆ. ಸ್ಟ್ರಾಂಗ್ ಇರುವುದು ನಿಜವೇ. ಹೂವಿನ ಮೇಲೆ ಟ್ರೈಕೋಮ್ ಅನ್ನುವ ರೋಮಗಳ ತುದಿಯಲ್ಲಿರುವ, ಅಂಟು ತುಂಬಿದ ಸಣ್ಣ ಗುಂಡುಗಳಷ್ಟೇ ಉದುರಿ ಕೂಡಿಕೊಳ್ಳುವುದರಿಂದ ಬರೀ ಹೂವಿಗಿಂತ ಟಿಎಚ್‌ಸಿ (ಅಮಲು ತರಿಸುವ ಅಂಶ) ಎಷ್ಟೋ ಜಾಸ್ತಿ. ಅದಕ್ಕೇ ಹೊಸಬರು ಸಾಸಿವೆಯಷ್ಟು ಮಾತ್ರ ಹಾಕಬೇಕು ಅನ್ನುವುದು. ಆದರೆ ನನ್ನ ಕೆಮ್ಮು ಆ ಕೆಮ್ಮಲ್ಲ.

ಬಟ್ಟಲಲ್ಲಿ ಪುಡಿ ಹೊಳೆಯುತ್ತಿತ್ತು. ಮಿಣ ಮಿಣ ಅಂತ. ನನಗೆ ಸಣ್ಣ ಅನುಮಾನ ಬಂದು ಮಾರಿದವರಿಗೆ ಫೋಟೋ ಕಳಿಸಿದೆ. ಹತ್ತೇ ನಿಮಿಷಕ್ಕೆ ಉತ್ತರ ಬಂತು. 'ಸರ್, ಹೊಳೆಯೋದೇ ಕೀಫ್. ಅದು ಟ್ರೈಕೋಮ್ ಕ್ರಿಸ್ಟಲ್. ಜಾಸ್ತಿ ಹೊಳೆದರೆ ಜಾಸ್ತಿ ಕ್ವಾಲಿಟಿ.' ಕೊನೆಯಲ್ಲಿ ಒಂದು ನಗುಮುಖ.

ನಂಬಿದೆ. ನಂಬಿದ್ದು ಮಾತ್ರ ಅಲ್ಲ, ಗೆಳೆಯರಿಗೆ ಫೋಟೋ ಕಳಿಸಿ ಜಂಬ ಕೊಚ್ಚಿಕೊಂಡೆ. 'ನೋಡ್ರೋ, ಹೇಗೆ ಹೊಳೀತಿದೆ' ಅಂತ. ಈಗ ಆ ಮೆಸೇಜು ಕಣ್ಣಿಗೆ ಬಿದ್ದರೆ ಫೋನು ಎಸೆಯೋಣ ಅನ್ನಿಸುತ್ತದೆ.

ಗೆಳೆಯನೊಬ್ಬ ಮನೆಗೆ ಬಂದ. ಅವನು ಈ ವಿಷಯದಲ್ಲಿ ಹಳಬ. ಬಟ್ಟಲನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿದ. ಪುಡಿ ನೋಡಿದ. ಮಾತಾಡಲಿಲ್ಲ. ಆಮೇಲೆ, 'ಮ್ಯಾಗ್ನೆಟ್ ಇದೆಯೇನೋ?' ಅಂದ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದನ್ನು ಕಿತ್ತು ಕೊಟ್ಟೆ. ಅವನು ಅದನ್ನು ಕಾಗದದ ಕೆಳಗೆ ಹಿಡಿದು ನಿಧಾನಕ್ಕೆ ಎಳೆದ.

ನನ್ನ ಕೀಫ್ ನಡೆಯಿತು.

ಎಲ್ಲವೂ ಅಲ್ಲ. ಹಸಿರು ಹಳದಿ ಪುಡಿ ಅಲ್ಲೇ ಇತ್ತು. ಅದರೊಳಗಿಂದ ಕೂದಲಿನ ಚೂರಿನಂಥ ಕಪ್ಪು ಎಳೆಗಳು ಎದ್ದು ನಿಂತವು, ಮ್ಯಾಗ್ನೆಟ್ ಹೋದ ಕಡೆ ಸಾಲಾಗಿ ಹೋದವು. ಒಂದೆರಡಲ್ಲ, ಎಣಿಸುವುದಕ್ಕೆ ಹೋಗಿ ಬಿಟ್ಟೆ. ಅವು ಜರಡಿಯ ತಂತಿಯ ತುಂಡುಗಳು. ಮಿಣುಗುಟ್ಟುತ್ತಿದ್ದ ಬೂದು ಚೂರುಗಳು ಮಾತ್ರ ಅಲುಗಲಿಲ್ಲ. 'ಇದು ತಿರುಪಿನ ಮರೆ ಸವೆದು ಉದುರಿದ್ದು. ಮುಚ್ಚಳ ತಿರುಗಿಸುವಾಗ ಕರಕರ ಅನ್ನಲ್ವಾ ನಿಂದು?' ಅಂದ. ಅನ್ನುತ್ತಿತ್ತು. ಮೊದಲ ದಿನದಿಂದ ಅನ್ನುತ್ತಿತ್ತು. ಹೊಸದಲ್ವಾ, ಕೂರುತ್ತೆ ಅಂದುಕೊಂಡಿದ್ದೆ.

ಅವನ ಹತ್ತಿರ 60 ಪಟ್ಟು ದೊಡ್ಡದು ಮಾಡಿ ತೋರಿಸುವ ಪುಟ್ಟ ಮಸೂರ ಇತ್ತು. ನಿಜವಾದ ಟ್ರೈಕೋಮ್ ಹೇಗಿರುತ್ತದೆ ಅಂತ ಮೊದಲು ಹೂವಿನ ಮೇಲೇ ತೋರಿಸಿದ. ಅಣಬೆಯ ಹಾಗೆ. ಒಂದು ಕಡ್ಡಿ, ತುದಿಯಲ್ಲಿ ಗಾಜಿನಂಥ ಗುಂಡು. ಆ ಗುಂಡಿನ ಅಗಲ ಸುಮಾರು 50ರಿಂದ 120 ಮೈಕ್ರಾನ್. ಆಮೇಲೆ ನನ್ನ ಬಟ್ಟಲಿನ ಪುಡಿ ತೋರಿಸಿದ. ನಡುನಡುವೆ ಅಣಬೆ ಗುಂಡುಗಳು ಇದ್ದವು, ಇಲ್ಲ ಅನ್ನಲ್ಲ. ಅವುಗಳ ಜೊತೆಗೆ ಬಡಗಿಯ ಕೀಸುಳಿಯಿಂದ ಬಂದ ಹೆರೆಯ ಹಾಗೆ ಸುರುಳಿ ಸುರುಳಿ ಲೋಹ. ಕಪ್ಪು ಬಣ್ಣದ ಹಕ್ಕಳೆ. ಬೇಕಾದಷ್ಟು ಎಲೆಯ ಚೂರು.

ಇದನ್ನು ನಾನು ಎರಡು ಸಲ ಎದೆಯೊಳಗೆ ಎಳೆದುಕೊಂಡಿದ್ದೇನೆ. ಎರಡು ಸಲ.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವನೇ ತಕ್ಕಡಿ ಹಿಡಿದು ಕೂತೆ. ಮುಚ್ಚಳದಲ್ಲಿ ಮ್ಯಾಗ್ನೆಟ್ ಇರುವುದರಿಂದ ಅದನ್ನು ಬಿಟ್ಟು, ಹಲ್ಲಿರುವ ಎರಡನೇ ತುಂಡನ್ನು ತೂಗಿದೆ. 80 ಗ್ರಾಂ. ಗೆರೆ ಇರುವ ಅಳತೆಯ ಲೋಟದಲ್ಲಿ ನೀರು ತುಂಬಿ ಅದನ್ನು ಮುಳುಗಿಸಿದೆ. ನೀರು ಏರಿದ್ದು 12 ಮಿಲಿ. 80ನ್ನು 12ರಿಂದ ಭಾಗಿಸಿದರೆ ಒಂದು ಮಿಲಿಗೆ 6.7 ಗ್ರಾಂ ಹತ್ತಿರ. ಅಲ್ಯೂಮಿನಿಯಂ ಆಗಿದ್ದರೆ 2.7 ಬರಬೇಕು. 6.7 ಅಂದರೆ ಎರಕದ ಸತುವಿನ ಮಿಶ್ರಲೋಹ. ಬಣ್ಣದ ಕಥೆಯೂ ಅಷ್ಟೇ. ಆನೊಡೈಸ್ ಅಂದರೆ ಅಲ್ಯೂಮಿನಿಯಂ ಮೈಮೇಲೇ ಬೆಳೆಸಿದ ಪದರ, ಅದು ಪೇಂಟಿನ ಹಾಗೆ ಹಕ್ಕಳೆ ಏಳುವುದಿಲ್ಲ. ನನ್ನದರ ಹಲ್ಲಿನ ತುದಿಗಳಲ್ಲಿ ಬಣ್ಣವೇ ಇರಲಿಲ್ಲ. ಎಲ್ಲಿ ಹೋಯಿತು ಅಂತ ಕೇಳಬೇಡಿ.

ಜರಡಿಯನ್ನೂ ಬಿಡಲಿಲ್ಲ. ಸ್ಕೇಲ್ ಪಕ್ಕಕ್ಕಿಟ್ಟು ಫೋನಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ಎಣಿಸಿದೆ. ಒಂದು ಸೆಂಟಿಮೀಟರಿಗೆ 24 ತಂತಿ. ಅಂದರೆ ತೂತು ಹತ್ತಿರ ಹತ್ತಿರ 250 ಮೈಕ್ರಾನ್. ಕೀಫ್ ಜೊತೆ ಎಲೆಯ ಪುಡಿಯೂ ಸರಾಗವಾಗಿ ಇಳಿಯುವಷ್ಟು ದೊಡ್ಡದು. ನನ್ನ ಪುಡಿ ಯಾಕೆ ಅಷ್ಟು ಹಸಿರು ಅಂತ ಆಗ ಗೊತ್ತಾಯಿತು. ಒಳ್ಳೆ ಕೀಫ್ ತೆಳು ಮರಳಿನ ಬಣ್ಣಕ್ಕೆ ಇರುತ್ತದೆ, ಹಸಿರು ಜಾಸ್ತಿ ಆದಷ್ಟೂ ಎಲೆ ಜಾಸ್ತಿ.

ಇನ್ನು ಮಾರಿದವರ ಉತ್ತರಗಳು. ಇದನ್ನು ಒಂದೊಂದಾಗಿ ಹೇಳಲೇಬೇಕು.

ಮ್ಯಾಗ್ನೆಟ್ ವಿಡಿಯೋ ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಕೊಡುತ್ತಿದ್ದವರು ಎರಡು ದಿನ ತೆಗೆದುಕೊಂಡರು. 'ಸರ್, ನಿಮ್ಮ ಹೂವಿನಲ್ಲೇ ಕಬ್ಬಿಣದ ಅಂಶ ಇರಬಹುದು.' ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಿಡದಲ್ಲಿ ತಂತಿ ಬೆಳೆಯುತ್ತದಾ?

ತೂಕದ ಲೆಕ್ಕ ಕಳಿಸಿದೆ. 'ಅಲ್ಯೂಮಿನಿಯಂನಲ್ಲಿ ಬೇರೆ ಬೇರೆ ಗ್ರೇಡ್ ಇರುತ್ತೆ ಸರ್.' ಇರುತ್ತೆ, ಆದರೆ ಯಾವ ಗ್ರೇಡೂ ಎರಡೂವರೆ ಪಟ್ಟು ಭಾರ ಆಗುವುದಿಲ್ಲ.

ಜರಡಿ ಫೋಟೋ ಕಳಿಸಿದೆ. '100 ಅಂದರೆ ಮೈಕ್ರಾನ್ ಅಲ್ಲ ಸರ್, 100 ಮೆಶ್. ಟೈಪಿಂಗ್ ತಪ್ಪು.' ಸರಿ, 100 ಮೆಶ್ ಅಂತಲೇ ಇಟ್ಟುಕೊಳ್ಳೋಣ. ಅಂದರೆ ಒಂದು ಇಂಚಿಗೆ 100 ತಂತಿ. ನಾನು ಎಣಿಸಿದ ಲೆಕ್ಕಕ್ಕೆ ಇಂಚಿಗೆ 60 ಮಾತ್ರ. ಸುಳ್ಳನ್ನು ಮುಚ್ಚೋಕೆ ಹೇಳಿದ ಸುಳ್ಳೂ ಸುಳ್ಳೇ.

ಆಮೇಲೆ ಬಂತು ನೋಡಿ ಬ್ರಹ್ಮಾಸ್ತ್ರ. 'ಸರ್, ನೀವು ಒಳಗೆ ನಾಣ್ಯ ಏನಾದರೂ ಹಾಕಿದ್ರಾ?' ನಾನು ಪ್ರಾಮಾಣಿಕ ಮನುಷ್ಯ, ಹೌದು ಅಂದೆ. 'ನಾಣ್ಯ ಹಾಕಿದರೆ ಜರಡಿ ಹಾಳಾಗುತ್ತೆ. ಗ್ಯಾರಂಟಿ ಸಿಗಲ್ಲ.'

ಚೀಟಿ! ಅವರದೇ ಚೀಟಿ! ಅವರದೇ ಡಬ್ಬಿಯೊಳಗೆ ಬಂದಿದ್ದು! ಚೀಟಿಯ ಫೋಟೋ ತೆಗೆದು ಕಳಿಸಿದೆ. 'ಅದು ಸಾಮಾನ್ಯ ಮಾಹಿತಿ ಸರ್, ಈ ಮಾಡೆಲ್‌ಗೆ ಅಲ್ಲ.' ಈ ಮಾಡೆಲ್ ಡಬ್ಬಿಯಲ್ಲಿ ಇನ್ಯಾವ ಮಾಡೆಲ್‌ನ ಚೀಟಿ ಇಡುತ್ತಾರೆ? ಅದಕ್ಕೆ ಉತ್ತರವೇ ಇಲ್ಲ. ನಾನು ಹೂ ಹಾಕಿದ್ದು ಗ್ರೈಂಡರಿಗೆ, ಅವರು ಹೂ ಇಟ್ಟಿದ್ದು ನನ್ನ ಕಿವಿಗೆ.

ವಾಪಸ್ ಮಾಡುತ್ತೇನೆ ಅಂದರೆ 30 ದಿನದ ಗಡುವು ಮುಗಿದಿದೆ ಅಂದರು. ಗಡುವು ಮುಗಿಯುವ ಮೊದಲೇ ಫೋಟೋ ಕಳಿಸಿ ಕೇಳಿದ್ದೆ. 'ಹೊಳೆಯೋದೇ ಕೀಫ್' ಅಂತ ಕೂರಿಸಿದ್ದು ಅದಕ್ಕೇ ಅಲ್ವಾ? ಕೊನೆಗೆ ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಕೊಟ್ಟರು. ಅವರ ಹತ್ತಿರವೇ ಮತ್ತೆ ಕೊಳ್ಳಬೇಕಂತೆ. ನಾನು ಬರೆದ ವಿಮರ್ಶೆ ಮೂರನೇ ದಿನ ಮಾಯ.

ನಿಮಗೆ ಹೇಳುವುದು ಇಷ್ಟು. ಕೈಗೆ ಬಂದ ದಿನವೇ ಖಾಲಿ ಗ್ರೈಂಡರನ್ನು ಬಿಳಿ ಕಾಗದದ ಮೇಲೆ ಐವತ್ತು ಸಲ ತಿರುಗಿಸಿ. ಏನಾದರೂ ಉದುರಿದರೆ ಅವತ್ತೇ ವಾಪಸ್. ಮಾರುವವರು ಸಿಹಿಯಾಗಿ ಮಾತಾಡಿದರೂ ವಾಪಸ್. ನಾಣ್ಯ ಹಾಕಬೇಡಿ, ಯಾರ ಚೀಟಿ ಹೇಳಿದರೂ ಹಾಕಬೇಡಿ. ಗ್ರೈಂಡರನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಮೆಲ್ಲಗೆ ತಟ್ಟಿದರೆ ಸಾಕು, ತಣ್ಣಗಾದ ಗುಂಡುಗಳು ತಾವೇ ಉದುರುತ್ತವೆ. ಬಟ್ಟಲಲ್ಲಿ ಬಿದ್ದದ್ದನ್ನು ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ. ಕೀಫ್ ಆಗಿದ್ದರೆ ಬೆರಳಿನ ಬಿಸಿಗೆ ಮೆತ್ತಗಾಗಿ ಅಂಟಿಕೊಂಡು ಕಂದು ಬಣ್ಣಕ್ಕೆ ತಿರುಗುತ್ತದೆ. ಮರಳಿನ ಹಾಗೆ ಚುಚ್ಚಿದರೆ ನೇರ ಕಸಕ್ಕೆ ಹಾಕಿ. ಮ್ಯಾಗ್ನೆಟ್ಟಿಗೆ ಏನೂ ಏಳಲಿಲ್ಲ ಅಂತ ಖುಷಿ ಪಡಬೇಡಿ, ಅಲ್ಯೂಮಿನಿಯಂ, ಸತು ಎರಡೂ ಮ್ಯಾಗ್ನೆಟ್ಟಿಗೆ ಬಗ್ಗುವುದಿಲ್ಲ.

ನನ್ನ ಆರು ವಾರದ ಪುಡಿಯನ್ನು ಮಡಿಸಿದ ಕಾಗದದ ಸಮೇತ ಎಸೆದೆ. ಮ್ಯಾಗ್ನೆಟ್ ಹಿಡಿದು ಶುದ್ಧ ಮಾಡೋಣ ಅಂತ ಒಂದು ಗಳಿಗೆ ಅನ್ನಿಸಿತ್ತು. ಗೆಳೆಯ ನನ್ನ ಮುಖ ನೋಡಿದ, ಸುಮ್ಮನಾದೆ.

ನಿನ್ನೆ ಅದೇ ಗ್ರೈಂಡರ್ ಬೇರೆ ಹೆಸರಿನ ಅಂಗಡಿಯಲ್ಲಿ ಕಾಣಿಸಿತು. ಅದೇ ಫೋಟೋ, ಅದೇ ಚೀಟಿ. ಈ ಸಲ ಅಲ್ಯೂಮಿನಿಯಂ ಅಂತ ಬರೆದಿಲ್ಲ, ಟೈಟಾನಿಯಂ ಅಂತ ಬರೆದಿದ್ದಾರೆ. ಟೈಟಾನಿಯಂ ಆದರೆ 4.5 ಬರಬೇಕು. ಯಾರಾದರೂ ಆಗಲೇ ಕೊಂಡಿದ್ದರೆ ಈಗಲೇ ನೀರಿಗೆ ಮುಳುಗಿಸಿ ಅಳೆಯಿರಿ, 30 ದಿನ ಮುಗಿಯುವ ಮುಂಚೆ.