ನೀರಿನ ಬ್ಯಾಟರಿ, ಸೀಲ್ಡ್, ಲಿಥಿಯಂ: ನಮ್ಮ ಬೋಟಿನಲ್ಲಿ ಯಾವುದು ತುಂಬಿತು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲಿಥಿಯಂಗೆ. ಆದರೆ ಅದನ್ನು ನೇರವಾಗಿ ಡೈನಮೋಗೆ (ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ) ಕಟ್ಟಬೇಡಿ. ಹಾಗೆ ಕಟ್ಟಿ ನಾನು ಒಂದು ಡೈನಮೋ ಸುಟ್ಟುಕೊಂಡಿದ್ದೇನೆ.

ನಮ್ಮದು ಗಂಗೊಳ್ಳಿಯ ಸಣ್ಣ ಡೀಸೆಲ್ ಬೋಟು. ಸಂಜೆ ಹೋದರೆ ಬರುವುದು ಬೆಳಿಗ್ಗೆ. ಬಲೆ ಬಿಡಿಸಲು ಎರಡು ದೀಪ, ಜಿಪಿಎಸ್, ಫಿಶ್ ಫೈಂಡರ್, ವೈರ್‌ಲೆಸ್ ಎಲ್ಲ ಸೇರಿ ರಾತ್ರಿಗೆ ಸುಮಾರು 45 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಅಳತೆ) ಖರ್ಚು. ಇಂಜಿನ್ ಜೋರಾಗಿ ಓಡುವುದು ಹೋಗುತ್ತಾ ಬರುತ್ತಾ ಮೂರೇ ಗಂಟೆ. ಅಷ್ಟರಲ್ಲಿ ಎಷ್ಟು ತುಂಬಿತೋ ಅಷ್ಟೇ.

ನೀರು ಹಾಕುವ 100 ಎಎಚ್ ಬ್ಯಾಟರಿ ಸೋತಿದ್ದು ಇಲ್ಲೇ. ಮುಕ್ಕಾಲು ಭಾಗ ಬೇಗ ತುಂಬುತ್ತದೆ, ಕೊನೆಯ ಸ್ವಲ್ಪಕ್ಕೆ ಗಂಟೆಗಟ್ಟಲೆ ಬೇಕು. ಡೈನಮೋ ಎಷ್ಟು ದೊಡ್ಡದಿದ್ದರೂ ಅಷ್ಟೇ. ದಿನಾ ಅರೆಹೊಟ್ಟೆಯಲ್ಲಿದ್ದರೆ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಕೂರುತ್ತದೆ. ಎರಡನೇ ಸೀಸನ್ನಿಗೆ, ಆಸಿಡ್ ಎಷ್ಟು ಗಟ್ಟಿ ಇದೆ ಎಂದು ನೋಡಿ ಚಾರ್ಜ್ ತಿಳಿಸುವ ಹೈಡ್ರೋಮೀಟರ್ 1.22 ದಾಟಲಿಲ್ಲ. ಹೊಸದರಲ್ಲಿ 1.28 ತೋರಿಸುತ್ತಿತ್ತು.

ಸೀಲ್ಡ್ ಬ್ಯಾಟರಿಗೆ ನೀರಿನ ಕಾಟವಿಲ್ಲ, ಆಸಿಡ್ ಚೆಲ್ಲುವುದಿಲ್ಲ. ಒಳಗಿರುವುದು ಅದೇ ಸೀಸ, ಕೊನೆಯಲ್ಲಿ ಅದೇ ನಿಧಾನ.

ಆಮೇಲೆ ಬಂದದ್ದು 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಒಂದೇ ಕೈಯಲ್ಲಿ ಎತ್ತಬಹುದು. ಹಳೆಯ ವೈರಿಗೇ ಕಟ್ಟಿದೆ. ನಾಲ್ಕನೇ ದಿನ ಬಲೆ ಹಾಕಿ ಇಂಜಿನ್ ಸ್ಲೋದಲ್ಲಿ ಬಿಟ್ಟಿದ್ದೆವು. ವಾರ್ನಿಶ್ ಸುಟ್ಟ ವಾಸನೆ ಬಂತು. ಇಂಜಿನ್ ಮುಚ್ಚಳ ತೆಗೆದು ನೋಡಿದರೆ ಡೈನಮೋ ಹತ್ತಿರ ಕೈ ಇಡುವ ಹಾಗಿಲ್ಲ, ತಾಮ್ರದ ಸುತ್ತು ಕಪ್ಪಾಗಿತ್ತು.

ದಡದಲ್ಲಿ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿ ಹೇಳಿದ, "ಅಣ್ಣಾ, ಸೀಸದ್ದು ತುಂಬುತ್ತಾ ಬಂದ ಹಾಗೆ ಎಳೆಯೋದು ಕಮ್ಮಿ ಮಾಡ್ತದೆ. ಇದು ಕೊನೇವರೆಗೂ ಕೊಟ್ಟಷ್ಟೂ ಎಳೀತದೆ. ಸ್ಲೋದಲ್ಲಿ ಡೈನಮೋ ಫ್ಯಾನಿಗೆ ಗಾಳಿ ಎಲ್ಲಿಂದ ಬರಬೇಕು?" ಇನ್ನೊಂದು ಅಪಾಯವನ್ನೂ ಅವನೇ ತಿಳಿಸಿದ. ಲಿಥಿಯಂ ಬ್ಯಾಟರಿಯ ಒಳಗೆ ಅದನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ಒಮ್ಮೆಲೇ ಲೈನ್ ಕಡಿದರೆ ವೋಲ್ಟೇಜ್ ಜಿಗಿದು ಡೈನಮೋದ ಡಯೋಡ್ ಹೋಗಬಹುದು, ಜಿಪಿಎಸ್ಸೂ ಹೋಗಬಹುದು.

ಈಗ ಡೈನಮೋ ಕಟ್ಟಿರುವುದು ಇಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್‌ನ ನೀರಿನ ಬ್ಯಾಟರಿಗೆ. ಅಲ್ಲಿಂದ 20 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ (ಒಂದು ಬ್ಯಾಟರಿಯಿಂದ ಇನ್ನೊಂದನ್ನು ತುಂಬಿಸುವ ಪೆಟ್ಟಿಗೆ) ಮೂಲಕ ಲಿಥಿಯಂಗೆ. ಎಷ್ಟು ಹಸಿವಿದ್ದರೂ 20ಕ್ಕಿಂತ ಜಾಸ್ತಿ ಸಿಗುವುದಿಲ್ಲ, ಬಿಎಂಎಸ್ ಕಡಿದರೂ ಡೈನಮೋಗೆ ನೀರಿನ ಬ್ಯಾಟರಿ ಆಸರೆ ಇದ್ದೇ ಇರುತ್ತದೆ. ಚಾರ್ಜರ್ ಸೆಟ್ಟಿಂಗ್ 14.4 ವೋಲ್ಟ್, ಈಕ್ವಲೈಸ್ (ಸೀಸದ ಬ್ಯಾಟರಿಗೆ ಕೊಡುವ ಹೆಚ್ಚು ವೋಲ್ಟೇಜಿನ ಚಾರ್ಜ್) ಆಫ್. ಮೂರು ಗಂಟೆಯಲ್ಲಿ ರಾತ್ರಿಯ ಖರ್ಚು ಪೂರ್ತಿ ವಾಪಸ್. ಸೀಸದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಲ್ವಾ? ಆ 61 ದಿನ ಲಿಥಿಯಂ ಅರ್ಧ ಚಾರ್ಜ್ ಮಾಡಿ ವೈರ್ ಬಿಚ್ಚಿಟ್ಟರೆ ಸಾಕು. ಸೀಸದ್ದಕ್ಕೆ ತಿಂಗಳಿಗೊಮ್ಮೆ ಚಾರ್ಜ್ ಕೊಡಲೇಬೇಕು.

ಚಾರ್ಜರ್ ಬಿಟ್ಟು ಲಿಥಿಯಂಗೇ ನಾನು ಕೊಟ್ಟಿದ್ದು ನೀರಿನ ಬ್ಯಾಟರಿಯ ಹೆಚ್ಚುಕಮ್ಮಿ ಮೂರು ಪಟ್ಟು. ದಿನಾ ಕಡಲಿಗೆ ಹೋಗುವ ನನಗೆ ಅದು ದುಬಾರಿ ಅನ್ನಿಸಲಿಲ್ಲ. ವಾರಕ್ಕೆರಡು ಸಲ ಮಾತ್ರ ಹೋಗುವವರು, ದಡದಲ್ಲಿ ರಾತ್ರಿಯಿಡೀ ಕರೆಂಟ್ ಸಿಗುವವರು ನೀರಿನ ಬ್ಯಾಟರಿಯನ್ನೇ ಇಟ್ಟುಕೊಳ್ಳಿ. ಪೂರ್ತಿ ತುಂಬಲು ಅದಕ್ಕೆ ಬೇಕಾದ ಹೊತ್ತು ನಿಮ್ಮ ಹತ್ತಿರ ಇದೆ.